ಪೇಸ್ಲಿಪ್‌ನಲ್ಲಿ ಟ್ಯಾಕ್ಸ್ ಕೋಡ್ ಬಿಆರ್ ಅಂತ ಇದೆ, ತಿಂಗಳಿಗೆ 500 ಪೌಂಡ್ ಹೋಗ್ತಿದೆ, ಯುಕೆಲಿ ಇರೋರು ಸ್ವಲ್ಪ ಹೇಳಿ

ತೀರ್ಥಹಳ್ಳಿ_ಹುಡುಗ (3 ಫೆಬ್ರವರಿ 2026)

ಎಲ್ರಿಗೂ ನಮಸ್ಕಾರ. ಶೆಫೀಲ್ಡ್‌ನಲ್ಲಿ ಎಂಎಸ್ಸಿ ಮುಗ್ಸಿ ಗ್ರಾಜುಯೇಟ್ ವೀಸಾ ಮೇಲೆ ಇದೀನಿ, ಡಿಸೆಂಬರ್‌ನಲ್ಲಿ ಒಂದು ಸಣ್ಣ ಕಂಪನಿಲಿ ಕೆಲ್ಸ ಸಿಕ್ತು, ತಿಂಗಳಿಗೆ 2,500 ಪೌಂಡ್ ಗ್ರಾಸ್. ಮೊದಲ್ನೇ ಸಂಬಳದಲ್ಲೇ 500 ಪೌಂಡ್ ಇನ್ಕಮ್ ಟ್ಯಾಕ್ಸ್ ಹಿಡ್ಕೊಂಡಿದ್ರು, ಹೊಸದಲ್ವಾ ಏನೋ ಇರತ್ತೆ ಅಂತ ಸುಮ್ನಿದ್ದೆ, ಜನವರಿಲೂ ಅದೇ 500. ನನ್ ಜೊತೆಗೇ ಸೇರಿದ ಇನ್ನೊಬ್ಬ ಹುಡುಗನಿಗೆ ಅದೇ ಸಂಬಳ, ಅವನಿಗೆ ಇನ್ಕಮ್ ಟ್ಯಾಕ್ಸ್ ಸೊನ್ನೆ! ಇಬ್ರೂ ಸ್ಲಿಪ್ ಪಕ್ಕ ಪಕ್ಕ ಇಟ್ಕೊಂಡು ನೋಡಿದ್ವಿ, ಅವನ್ದು 1257ಎಲ್ ಅಂತಿದೆ ನಂದು ಬಿಆರ್ ಅಂತಿದೆ. ಎಚ್‌ಆರ್ ಹತ್ರ ಕೇಳಿದ್ರೆ ಕೋಡ್ ಬದಲಾಯ್ಸೋದು ನಮ್ ಕೈಲಿಲ್ಲ ಅಂದ್ಬಿಟ್ರು. ಓದ್ತಿರ್ಬೇಕಾದ್ರೆ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ಪಾರ್ಟ್ ಟೈಮ್ ಮಾಡ್ತಿದ್ದೆ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಟ್ಟು 4,200 ಪೌಂಡ್ ಬಂದಿದೆ, ಟ್ಯಾಕ್ಸ್ ಏನೂ ಕಟ್ಟಾಗಿರ್ಲಿಲ್ಲ, ಆಮೇಲೆ ನಾನು ಶಿಫ್ಟ್ ತಗೊಂಡಿಲ್ಲ. ಅದಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದ್ಯಾ?

ಕೋವೆಂಟ್ರಿ_ಕಾಫಿ

ಮೊದ್ಲು ಆ ಸೊನ್ನೆ ಟ್ಯಾಕ್ಸ್ ಹುಡುಗನ ಹತ್ರ ಒಂದು ಬಿರಿಯಾನಿ ಕೊಡ್ಸ್ಕೋ ಗುರು, ಮಿಕ್ಕಿದ್ದು ಆಮೇಲೆ ನೋಡೋಣ 😄

ಪೇರೋಲ್_ಪದ್ಮಾ

ಸಂಬಂಧ ಇದೆ ತಮ್ಮ, ಗಂಟು ಇರೋದೇ ಅಲ್ಲಿ. ನಾನು ಲೆಸ್ಟರ್‌ನಲ್ಲಿ ಪೇರೋಲ್ ಕೆಲ್ಸನೇ ಮಾಡೋದು, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ, ತಾಳ್ಮೆಯಿಂದ ಓದು.

ಇಲ್ಲಿ ಒಬ್ಬೊಬ್ರಿಗೂ ವರ್ಷಕ್ಕೆ 12,570 ಪೌಂಡ್‌ವರೆಗೆ ಇನ್ಕಮ್ ಟ್ಯಾಕ್ಸ್ ಇಲ್ಲ, ಅದೇ ಪರ್ಸನಲ್ ಅಲೋಯನ್ಸ್. 2021ರ ಏಪ್ರಿಲ್‌ನಿಂದ ಅಷ್ಟಕ್ಕೇ ನಿಂತಿದೆ, ಹೋದ ನವೆಂಬರ್ ಬಜೆಟ್‌ನಲ್ಲಿ 2031ರವರೆಗೂ ಏರ್ಸಲ್ಲ ಅಂತ ಬೇರೆ ಹೇಳಿದಾರೆ. 12,570ರ ಕೊನೇ ಸೊನ್ನೆ ತೆಗೆದು ಎಲ್ ಅಂಟ್ಸಿದ್ರೆ 1257ಎಲ್, ಕೋಡ್ ಅಂದ್ರೆ ಅಷ್ಟೇ, ದೊಡ್ಡ ರಹಸ್ಯ ಏನಿಲ್ಲ. ಈ ಅಲೋಯನ್ಸ್ ಒಬ್ರಿಗೆ ಒಂದೇ. ಎರಡು ಕೆಲ್ಸ ಇದ್ರೆ ಎಚ್‌ಎಂಆರ್‌ಸಿ (ಇಲ್ಲಿನ ಟ್ಯಾಕ್ಸ್ ಇಲಾಖೆ) ಅದನ್ನ ಸಾಮಾನ್ಯವಾಗಿ ಒಂದರ ಮೇಲೆ ಪೂರ್ತಿ ಇಟ್ಟು ಇನ್ನೊಂದಕ್ಕೆ ಬಿಆರ್ ಕೊಡತ್ತೆ, ಅಂದ್ರೆ ಅಲ್ಲಿ ಬರೋ ಮೊದಲ್ನೇ ಪೌಂಡ್‌ನಿಂದಾನೇ 20 ಪರ್ಸೆಂಟ್. 2,500ಕ್ಕೆ 20 ಪರ್ಸೆಂಟ್ 500, ನಿನ್ ಲೆಕ್ಕ ತಾಳೆ ಆಯ್ತಲ್ಲ.

ಈಗ ನಿನ್ ಎರಡನೇ ಕೆಲ್ಸ ಯಾವ್ದು ಅಂತೀಯ? ನೀನು ಶಿಫ್ಟ್ ನಿಲ್ಲಿಸ್ದೆ, ಆದ್ರೆ ಕೆಲ್ಸ ಬಿಟ್ಟಿದೀನಿ ಅಂತ ಬರೆದು ಕೊಟ್ಟಿರಲ್ಲ, ಅವರು ನಿನ್ನ ಜೀರೋ ಅವರ್ಸ್ (ಕರೆದಾಗ ಮಾತ್ರ ಕೆಲ್ಸ) ಪಟ್ಟಿಲಿ ಹಂಗೇ ಇಟ್ಕೊಂಡಿರ್ತಾರೆ, ಕೆಲ್ಸ ಬಿಟ್ಟಾಗ ಕೊಡೋ ಪಿ45 ಕಾಗದ ಕೊಟ್ಟಿರಲ್ಲ. ಎಚ್‌ಎಂಆರ್‌ಸಿ ದಾಖಲೆಲಿ ಆ ಸೂಪರ್‌ಮಾರ್ಕೆಟ್ ಕೆಲ್ಸ ಇನ್ನೂ ಜೀವಂತ, ನಿನ್ನ 12,570 ಅಲ್ಲಿ ಯಾರಿಗೂ ಉಪಯೋಗ ಇಲ್ದೆ ಕೂತಿದೆ. ಹೊಸ ಕಂಪನಿಲಿ ಸೇರೋವಾಗ ಸ್ಟಾರ್ಟರ್ ಚೆಕ್‌ಲಿಸ್ಟ್ ಅಂತ ತುಂಬ್ಸಿರ್ತಾರೆ, ಅದ್ರಲ್ಲಿ ಎ, ಬಿ, ಸಿ ಅಂತ ಮೂರು ಹೇಳಿಕೆ. ಎ ಅಂದ್ರೆ ಏಪ್ರಿಲ್ 6ರಿಂದ (ಟ್ಯಾಕ್ಸ್ ವರ್ಷ ಶುರುವಾಗೋ ದಿನ) ಈಚೆಗೆ ಇದೇ ಮೊದಲ್ನೇ ಕೆಲ್ಸ, ಬಿ ಅಂದ್ರೆ ನಡುವೆ ಬೇರೆ ಕೆಲ್ಸ ಇತ್ತು ಈಗಿಲ್ಲ, ಸಿ ಅಂದ್ರೆ ಈಗ್ಲೂ ಇನ್ನೊಂದು ಕೆಲ್ಸ ಅಥವಾ ಪಿಂಚಣಿ ಇದೆ. ಸಿ ಅಂತ ಹೋದ್ರೆ ಕಣ್ಮುಚ್ಕೊಂಡು ಬಿಆರ್. ಬಿ ಅಂತ ಹೋಗಿದ್ರೆ 1257ಎಲ್ ಎಂ1 ಬರ್ತಿತ್ತು, ಅದು ಇನ್ನೊಂದು ಕಥೆ. ಫಾರ್ಮೇ ಹೋಗ್ದೆ ಇದ್ರೆ 0ಟಿ, ಅದ್ರಲ್ಲೂ ಅಲೋಯನ್ಸ್ ಇಲ್ಲ.

ನಿಮ್ ಎಚ್‌ಆರ್ ಹೇಳಿದ್ದು ನಿಜಾನೇ, ತಪ್ಪಿಸ್ಕೊಳೋಕೆ ಹೇಳಿದ್ದಲ್ಲ. ಎಚ್‌ಎಂಆರ್‌ಸಿ ಇಂದ ಹೊಸ ಕೋಡ್ ಬರೋವರೆಗೂ ನಾವು ಪೇರೋಲ್‌ನೋರು ನಮ್ಮಿಷ್ಟಕ್ಕೆ ಬದಲಾಯ್ಸೋ ಹಂಗಿಲ್ಲ. ಎಷ್ಟೋ ಜನ ನಮ್ ಮೇಲೆ ರೇಗಾಡ್ತಾರೆ, ಏನ್ ಮಾಡೋದು.

ತೀರ್ಥಹಳ್ಳಿ_ಹುಡುಗ

ಮೇಡಂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡ್ಸಿ ಯಾರೂ ಹೇಳಿರ್ಲಿಲ್ಲ. ಸೇರ್ಬೇಕಾದ್ರೆ ಆನ್‌ಲೈನ್ ಫಾರ್ಮ್‌ನಲ್ಲಿ ಬೇರೆ ಎಲ್ಲಾದ್ರೂ ಕಾಂಟ್ರಾಕ್ಟ್ ಇದ್ಯಾ ಅಂತ ಕೇಳಿತ್ತು, ಇತ್ತಲ್ಲ, ಹೌದು ಅಂತ ಹಾಕಿದ್ದೆ. ಈಗ ಏನ್ ಮಾಡ್ಲಿ? ಹೋದ ದುಡ್ಡು ವಾಪಸ್ ಬರತ್ತಾ? ಎನ್‌ಐ ಅಂತ ಇನ್ನೊಂದು 116 ಪೌಂಡ್ ಹೋಗಿದೆ, ಅದೂ ಬರತ್ತಾ?

ಪೇರೋಲ್_ಪದ್ಮಾ

ಎನ್‌ಐ ಮರ್ತ್ಬಿಡು, ಅದು ಬರಲ್ಲ. ನ್ಯಾಷನಲ್ ಇನ್ಶೂರೆನ್ಸ್ (ಸರ್ಕಾರಿ ಪಿಂಚಣಿ ಮುಂತಾದ್ದಕ್ಕೆ ಕಟ್ಟೋ ವಂತಿಗೆ) ಬೇರೆ, ಅದಕ್ಕೂ ಟ್ಯಾಕ್ಸ್ ಕೋಡ್‌ಗೂ ಸಂಬಂಧನೇ ಇಲ್ಲ, ತಿಂಗಳಿಗೆ 1,048 ದಾಟಿದ್ರ ಮೇಲೆ 8 ಪರ್ಸೆಂಟ್, ಆ ತಿಂಗಳ ಲೆಕ್ಕ ಆ ತಿಂಗಳಿಗೇ ಮುಗೀತು. ಆ ಸೊನ್ನೆ ಟ್ಯಾಕ್ಸ್ ಹುಡುಗನ ಸ್ಲಿಪ್‌ನಲ್ಲೂ ಅದೇ 116 ಇರತ್ತೆ ನೋಡು.

ಇನ್ಕಮ್ ಟ್ಯಾಕ್ಸ್ ಹಂಗಲ್ಲ, ಅದು ಏಪ್ರಿಲ್ 6ರಿಂದ ಕೂಡ್ಸ್ಕೊಂಡು ಬರೋ ಲೆಕ್ಕ. ಪ್ರತಿ ತಿಂಗಳೂ ಇಲ್ಲಿವರೆಗೆ ಎಷ್ಟು ಸಂಬಳ, ಇಲ್ಲಿವರೆಗೆ ಎಷ್ಟು ಫ್ರೀ, ಇಲ್ಲಿವರೆಗೆ ಎಷ್ಟು ಹಿಡ್ದಿದೀವಿ ಅಂತ ಮೂರು ನೋಡತ್ತೆ, ಜಾಸ್ತಿ ಹಿಡ್ದಿದ್ರೆ ಆ ತಿಂಗಳ ಸಂಬಳದಲ್ಲೇ ವಾಪಸ್. ನಿಂದು ಲೆಕ್ಕ ಹಾಕೋಣ. ಅಂಗಡಿಲಿ 4,200, ಇಲ್ಲಿ ಫೆಬ್ರವರಿ ಸೇರಿ ಮೂರು ಸಂಬಳ 7,500, ಒಟ್ಟು 11,700. ಫೆಬ್ರವರಿ ಕೊನೇಲಿ ಬರೋ ಸಂಬಳ ಟ್ಯಾಕ್ಸ್ ವರ್ಷದ ಹನ್ನೊಂದನೇ ತಿಂಗಳು, ಅಷ್ಟೊತ್ತಿಗೆ 12,570ರಲ್ಲಿ ಹನ್ನೆರಡನೇ ಹನ್ನೊಂದು ಪಾಲು, ಅಂದ್ರೆ ಸುಮಾರು 11,522 ಫ್ರೀ. ಉಳಿಯೋದು ನೂರೆಂಬತ್ತರ ಹತ್ರ, ಅದಕ್ಕೆ 20 ಪರ್ಸೆಂಟ್ ಮೂವತ್ತೈದು ಚಿಲ್ಲರೆ. ನೀನು ಈಗಾಗ್ಲೇ 1,000 ಕಟ್ಟಿದೀಯ! ಫೆಬ್ರವರಿ ಪೇರೋಲ್ ಓಡೋಕೆ ಮುಂಚೆ ಕೋಡ್ ಸರಿಯಾದ್ರೆ ಒಂಬೈನೂರ ಅರವತ್ತರ ಮೇಲೆ ಸಂಬಳದ ಜೊತೆಗೇ ಬರತ್ತೆ. ಬಿಆರ್‌ನಲ್ಲೇ ಮಾರ್ಚ್‌ವರೆಗೂ ಹೋದ್ರೆ 2,000 ಕಟ್ಟಿರ್ತೀಯ, ಇಡೀ ವರ್ಷಕ್ಕೆ ನೀನು ನಿಜವಾಗ್ಲೂ ಕಟ್ಬೇಕಾಗಿರೋದು 326ರ ಆಸುಪಾಸು.

ಮಾಡೋದು ಇಷ್ಟೇ. ಎಚ್‌ಎಂಆರ್‌ಸಿ ಆಪ್ ಹಾಕ್ಕೋ, ಇಲ್ಲಾಂದ್ರೆ ಗವ್ ಡಾಟ್ ಯುಕೆ ಸೈಟ್‌ನಲ್ಲಿ ಪರ್ಸನಲ್ ಟ್ಯಾಕ್ಸ್ ಅಕೌಂಟ್. ಎನ್‌ಐ ನಂಬರ್ ಬೇಕು, ಗುರುತಿಗೆ ಪಾಸ್‌ಪೋರ್ಟ್ ತರದ್ದು ಕೇಳತ್ತೆ. ಒಳಗೆ ಹೋದ್ಮೇಲೆ ಪಿಎವೈಇ (ಸಂಬಳದಲ್ಲೇ ಟ್ಯಾಕ್ಸ್ ಹಿಡಿಯೋ ವ್ಯವಸ್ಥೆ) ಅಂತ ಇರತ್ತೆ, ಅದ್ರಲ್ಲಿ ಈ ವರ್ಷದ ನಿನ್ನ ಕೆಲ್ಸಗಳು ಸಾಲಾಗಿ ಇರ್ತವೆ, ಒಂದೊಂದರ ಪಕ್ಕ ಅದರ ಕೋಡ್. ಸೂಪರ್‌ಮಾರ್ಕೆಟ್ ಅಲ್ಲಿ ಈಗಿನ ಕೆಲ್ಸ ಅಂತ ಕಾಣ್ಸಿದ್ರೆ ಅದರೊಳಗೆ ಹೋಗಿ ಈ ಕೆಲ್ಸ ಮುಗ್ದಿದೆ ಅಂತ ಹೇಳಿ ಕೊನೇ ತಾರೀಖು ಹಾಕು. ಅಂಗಡಿಯೋರಿಗೂ ಒಂದು ಇಮೇಲ್ ಹಾಕಿ ರಾಜೀನಾಮೆ ಕೊಟ್ಟು ಪಿ45 ಕೇಳು, ಅದು ಬರೋವರೆಗೂ ಕಾಯ್ಬೇಡ, ಎರಡೂ ಒಟ್ಟಿಗೆ ಮಾಡು. ಆನ್‌ಲೈನ್‌ನಲ್ಲಿ ಆಗ್ದೆ ಇದ್ರೆ 0300 200 3300ಕ್ಕೆ ಫೋನ್, ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 8ಕ್ಕೆ ಶುರುವಾಗತ್ತೆ. ಮೊದಲು ಒಂದು ಮಷೀನ್ ಮಾತಾಡತ್ತೆ, ಟ್ಯಾಕ್ಸ್ ಕೋಡ್ ಅಂತ ಬಿಡ್ಸಿ ಹೇಳು, ಪೇಸ್ಲಿಪ್ ಮುಂದಿಟ್ಕೊಂಡಿರು, ಅದ್ರಲ್ಲಿ ಕಂಪನಿಯ ಪಿಎವೈಇ ರೆಫರೆನ್ಸ್ ಇದ್ರೆ ಕೈಗೆ ಸಿಗೋ ಹಂಗೆ ಇರ್ಲಿ.

ಧಾರವಾಡ_ಪೇಡಾ

ಪದ್ಮಾ ಅಕ್ಕಾರು ಹೇಳಿದ್ದು ಖರೇ ಐತಿ, ನಾ ಒಂದು ಸೇರಸ್ತೀನ್ರಿ. ನಮ್ಮ ಮನಿ ಗ್ಲಾಸ್ಗೋದಾಗ ಐತಿ, ಇಲ್ಲಿ ಕೋಡಿನ ಮುಂದ ಎಸ್ ಬರ್ತದ, ಎಸ್1257ಎಲ್. ವೇಲ್ಸ್‌ನಾಗ ಇದ್ದವರಿಗೆ ಮುಂದ ಸಿ. ಸಿ ಬಂದ್ರೂ ವೇಲ್ಸ್‌ನ ರೇಟು ಇಂಗ್ಲೆಂಡಿನಷ್ಟೇ ಅದಾವು, ಆದ್ರ ಸ್ಕಾಟ್ಲೆಂಡಿಂದು ಪೂರಾ ಬ್ಯಾರೇನ ಐತ್ರಿ, 19, 20, 21 ಆಮ್ಯಾಗ ಸೀದಾ 42, 45, 48. ಇಂಗ್ಲೆಂಡ್‌ನಾಗ 50,270 ದಾಟಿದ ಮ್ಯಾಲೆ 40 ಪರ್ಸೆಂಟ್, ನಮಗ 43,662 ದಾಟಿದ್ರನ 42! ನಮ್ಮ ಗೆಳೆಯಾ ಒಬ್ಬಾವ ಎಡಿನ್‌ಬರಾ ಬಿಟ್ಟು ಮ್ಯಾಂಚೆಸ್ಟರ್‌ಗೆ ಹೋದ, ಕಂಪನಿ ಅದs, ಬರೇ ಮನಿ ಬದಲಾತು, ಪೇಸ್ಲಿಪ್ ಮ್ಯಾಲೆ ಎಸ್ ಹಂಗs ಇತ್ತು, ಯಾಕಂದ್ರ ಅಂವ ಹೊಸಾ ಅಡ್ರೆಸ್ ಕಂಪನಿಗಷ್ಟ ಕೊಟ್ಟಿದ್ದ. ಆಫೀಸ್ ಎಲ್ಲಿ ಐತಿ ಅನ್ನೂದು ಲೆಕ್ಕಕ್ಕಿಲ್ರಿ, ನೀವು ಎಲ್ಲಿ ವಾಸ ಮಾಡ್ತೀರಿ ಅನ್ನೂದು ಲೆಕ್ಕ, ಮನಿ ಬದಲಾದ್ರ ಎಚ್‌ಎಂಆರ್‌ಸಿ ಆಪ್‌ನಾಗೂ ಬದಲಾಯಿಸ್ರಿ.

ಕುಡ್ಲ_ನರ್ಸ್

ಇದನ್ನು ಓದಿ ನಂಗೆ ತಲೆಬಿಸಿ ಶುರುವಾಯ್ತು ಮಾರಾಯ್ರೆ. ನಾನು ಲೀಡ್ಸ್‌ನಲ್ಲಿ ಆಸ್ಪತ್ರೆಯಲ್ಲಿ ಫುಲ್ ಟೈಮ್, 1257ಎಲ್ ಉಂಟು, ಸರಿ. ವೀಕೆಂಡ್ ಒಂದೊಂದು ಏಜೆನ್ಸಿ ಶಿಫ್ಟ್ ಮಾಡ್ತೇನೆ, ಅದ್ರಲ್ಲಿ ಬಿಆರ್. ಹಾಗಾದ್ರೆ ಅದೂ ತಪ್ಪಾ? ಮತ್ತೆ ನಮ್ಮ ವಾರ್ಡಿಗೆ ಜನವರಿಯಲ್ಲಿ ಊರಿಂದ ಇಬ್ರು ಹೊಸಬರು ಬಂದಿದ್ದಾರೆ, ಅವ್ರದ್ದು ಸ್ಲಿಪ್‌ನಲ್ಲಿ 1257ಎಲ್ ಎಂ1 ಅಂತ ಉಂಟು, ಸಂಬಳ 2,500ರ ಹತ್ರ, ಟ್ಯಾಕ್ಸ್ 290 ಹಿಡಿದಿದ್ದಾರೆ. 1257ಎಲ್ ಇದ್ರೆ ಸರಿ ಅಂತ ನಾನೇ ಅವ್ರಿಗೆ ಹೇಳಿದ್ದು.

ಪೇರೋಲ್_ಪದ್ಮಾ

ನಿಮ್ಮ ಬಿಆರ್ ಸರಿಯಾಗೇ ಇದೆ ಸಿಸ್ಟರ್, ತಲೆ ಕೆಡ್ಸ್ಕೋಬೇಡಿ. 12,570 ಪೂರ್ತಿ ಆಸ್ಪತ್ರೆ ಸಂಬಳಕ್ಕೆ ಹೋಗಿದೆ, ಎರಡನೇ ಕಡೆ ಅಲೋಯನ್ಸ್ ಇರಲ್ಲ. ಬಿಆರ್ ಅಂದ ತಕ್ಷಣ ತಪ್ಪು ಅಂತ ಅಲ್ಲ, ನಿಜವಾದ ಎರಡನೇ ಕೆಲ್ಸ ಇದ್ದಾಗ ಅದೇ ಸರಿ. ಭಯ ಪಡ್ಬೇಕಾಗಿರೋದು ಎರಡು ಕಡೆನೂ 1257ಎಲ್ ಇದ್ದಾಗ! ಆವಾಗ ತಿಂಗಳು ತಿಂಗಳು ಕೈಗೆ ಜಾಸ್ತಿ ಬಂದು ಖುಷಿಯಾಗಿರತ್ತೆ, ವರ್ಷ ಮುಗಿದ್ಮೇಲೆ ಬಾಕಿ ಇದೆ ಅಂತ ಕಾಗದ ಬರತ್ತೆ. 3,000ಕ್ಕಿಂತ ಕಮ್ಮಿ ಬಾಕಿ ಆದ್ರೆ ಸಾಮಾನ್ಯವಾಗಿ ಮುಂದಿನ ವರ್ಷದ ಕೋಡ್ ಇಳ್ಸಿ ಸಂಬಳದಲ್ಲೇ ಸ್ವಲ್ಪ ಸ್ವಲ್ಪ ಹಿಡೀತಾರೆ. ಯಾರಿಗಾದ್ರೂ ಎರಡೂ ಸಣ್ಣ ಕೆಲ್ಸ ಆಗಿದ್ರೆ, ಒಂದ್ರಲ್ಲೇ 12,570 ತುಂಬಲ್ಲ ಅನ್ನೋ ಹಂಗಿದ್ರೆ, ಅಲೋಯನ್ಸ್ ಎರಡಕ್ಕೂ ಹಂಚಿ ಅಂತ ಕೇಳ್ಕೋಬೋದು.

ಆದ್ರೆ ಆ ಹೊಸ ಹುಡುಗೀರ್ದು ಮಾತ್ರ ಸರಿಯಿಲ್ಲ, ಬೇಗ ಹೇಳಿ ಅವ್ರಿಗೆ. ಎಂ1 ಅಂದ್ರೆ ಎಮರ್ಜೆನ್ಸಿ ಲೆಕ್ಕ, ವಾರದ ಸಂಬಳದೋರಿಗೆ ಡಬ್ಲ್ಯೂ1, ಕೆಲವು ಸಾಫ್ಟ್‌ವೇರ್‌ನಲ್ಲಿ ಬರೀ ಎಕ್ಸ್ ಅಂತಿರತ್ತೆ, ಮೂರೂ ಒಂದೇ ಜಾತಿ. ಈ ಲೆಕ್ಕದಲ್ಲಿ ಹಿಂದಿನ ತಿಂಗಳುಗಳನ್ನ ನೋಡೋದೇ ಇಲ್ಲ, ಆ ತಿಂಗಳ 1,047 ಚಿಲ್ಲರೆ ಮಾತ್ರ ಫ್ರೀ. ಅವ್ರು ಬಂದಿದ್ದೇ ಜನವರಿಲಿ, ಇದು ಯುಕೆಯ ಮೊದಲ್ನೇ ಕೆಲ್ಸ, ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಅಲೋಯನ್ಸ್ ಮುಟ್ಟೇ ಇಲ್ಲ. ಅರ್ಧ ವರ್ಷಕ್ಕೆ ಬಂದ್ರೂ ಸಾಮಾನ್ಯವಾಗಿ ಪೂರ್ತಿ 12,570 ಸಿಗತ್ತೆ. ಜನವರಿ, ಫೆಬ್ರವರಿ, ಮಾರ್ಚ್ ಮೂರು ಸಂಬಳ ಸೇರ್ಸಿದ್ರೂ 7,500, ಈ ವರ್ಷ ಅವ್ರಿಗೆ ಇನ್ಕಮ್ ಟ್ಯಾಕ್ಸ್ ಸೊನ್ನೆ ಆಗ್ಬೇಕು. ತಿಂಗಳಿಗೆ 290 ಅಂದ್ರೆ ಮೂರು ತಿಂಗಳಿಗೆ 870 ಪೌಂಡ್ ಸುಮ್ನೆ ಹೋಗತ್ತೆ. 1257ಎಲ್ ನೋಡಿ ನಿಲ್ಲಿಸ್ಬಾರ್ದು, ಅದರ ಪಕ್ಕದಲ್ಲಿ ಬಾಲ ಇದ್ಯಾ ಅಂತ ನೋಡ್ಬೇಕು.

ಕುಡ್ಲ_ನರ್ಸ್

ಅಯ್ಯೋ ದೇವ್ರೆ, ಒಬ್ಳ ಎನ್‌ಐ ನಂಬರೇ ಇನ್ನೂ ಬರ್ಲಿಲ್ಲ, ಆಪ್ ಹೇಗೆ ಓಪನ್ ಮಾಡುದು?

ಪೇರೋಲ್_ಪದ್ಮಾ

ಇವಿಸಾ ಅಕೌಂಟ್ ಒಳಗೆ ಒಂದ್ಸಲ ನೋಡಕ್ಕೆ ಹೇಳಿ, ಕೆಲವರಿಗೆ ಎನ್‌ಐ ನಂಬರ್ ಅಲ್ಲೇ ಇರತ್ತೆ. ಇಲ್ದಿದ್ರೆ ಅರ್ಜಿ ಹಾಕಿ ಬರೋವರೆಗೂ ಕಾಯ್ಬೇಕು. ಆದ್ರೆ ಅಷ್ಟರೊಳಗೆ ಆಸ್ಪತ್ರೆ ಪೇರೋಲ್‌ಗೆ ಒಂದು ಇಮೇಲ್ ಹಾಕ್ಲಿ, ನನ್ನ ಸ್ಟಾರ್ಟರ್ ಚೆಕ್‌ಲಿಸ್ಟ್‌ನಲ್ಲಿ ಯಾವ ಹೇಳಿಕೆ ಹಾಕಿದೀರಾ, ನಂದು ಎ ಆಗ್ಬೇಕಲ್ವಾ ಅಂತ. ಊರಲ್ಲಿ ಮಾಡ್ತಿದ್ದ ಕೆಲ್ಸನ ಹಿಂದಿನ ಕೆಲ್ಸ ಅಂತ ಲೆಕ್ಕ ಹಾಕಿ ಬಿ ಒತ್ತಿರೋರನ್ನ ನಾನು ಬೇಕಾದಷ್ಟು ನೋಡಿದೀನಿ.

ಅಂದಹಾಗೆ ಕಂಪನಿಯೇ ಇಂಡಿಯಾದಿಂದ ಇಲ್ಲಿಗೆ ಡೆಪ್ಯುಟೇಷನ್ ಕಳ್ಸಿರೋ ಐಟಿಯೋರಿಗೆ ಚೆಕ್‌ಲಿಸ್ಟ್ ಬೇರೆ ಇದೆ, ಅದ್ರಲ್ಲಿ ಎಷ್ಟು ದಿನ ಇರ್ತೀರಾ ಅಂತೆಲ್ಲ ಕೇಳತ್ತೆ, ಇದನ್ನ ಅದಕ್ಕೆ ಅನ್ವಯಿಸ್ಬೇಡಿ.

ರೆಡಿಂಗ್_ರಾಯ

ಐಟಿ ಅಂದ್ರಿ, ಬಂದೆ. ನಮ್ಮ ಕಡೆ ತೊಂದರೆ ಬೇರೆ ರೀತಿ. ಹಳೇ ಕಂಪನಿಯಲ್ಲಿ ಫ್ಯಾಮಿಲಿ ಮೆಡಿಕಲ್ ಇನ್ಶೂರೆನ್ಸ್ ಕೊಟ್ಟಿದ್ದರು, ವರ್ಷಕ್ಕೆ 1,400 ಪೌಂಡ್ ಬೆಲೆಯದ್ದು. ಅದು ಸಂಬಳದ ಹಾಗೇ ಲೆಕ್ಕ, 12,570ರಲ್ಲಿ 1,400 ಕಳೆದು ಕೋಡ್ 1117ಎಲ್ ಆಗಿತ್ತು, ಸರಿ. ಆ ಕಂಪನಿ ಬಿಟ್ಟೆ, ಹೊಸ ಕಡೆ ಇನ್ಶೂರೆನ್ಸೇ ಇಲ್ಲ, ಆದರೂ ಕೋಡ್ 1117ಎಲ್. ಆಪ್‌ನಲ್ಲಿ ಕೋಡ್ ಮೇಲೆ ಒತ್ತಿದರೆ ಕೆಳಗೆ ಅದು ಹೇಗೆ ಬಂತು ಅಂತ ಸಾಲು ಸಾಲಾಗಿ ತೋರಿಸುತ್ತೆ, ಅಲ್ಲಿ ಮೆಡಿಕಲ್ ಇನ್ಶೂರೆನ್ಸ್ 1,400 ಹಾಗೇ ಕೂತಿತ್ತು, ತೆಗೆಸಿದೆ. ಆದ್ದರಿಂದ ಕೋಡ್ ಒಂದೇ ನೋಡಿ ಬಿಡಬೇಡಿ, ಒಳಗಿನ ಸಾಲುಗಳನ್ನ ಓದಿ. ಅಂದಾಜು ವಾರ್ಷಿಕ ಆದಾಯ ಅಂತ ಒಂದು ಅಂಕಿ ಇರುತ್ತೆ, ಅದನ್ನೂ ನೋಡಿ. 1 ಲಕ್ಷ ಪೌಂಡ್ ಹತ್ತಿರ ಸಂಬಳ ಇರುವವರಿಗೆ ಇದು ಮುಖ್ಯ, 1 ಲಕ್ಷ ದಾಟಿದ ಮೇಲೆ ಪ್ರತಿ 2 ಪೌಂಡಿಗೆ 1 ಪೌಂಡ್ ಅಲೋಯನ್ಸ್ ಕರಗುತ್ತೆ, 1,25,140ಕ್ಕೆ ಪೂರ್ತಿ ಮಾಯ. ಒಂದು ತಿಂಗಳು ದೊಡ್ಡ ಬೋನಸ್ ಬಂದು ಅಂದಾಜು ಮೇಲೆ ಹೋದರೆ ಕೋಡ್ ಕುಸಿದಿರುತ್ತೆ.

ಇನ್ನೊಂದು, ಇಲ್ಲಿ ಬಹಳ ಜನ ಬಿಟ್ಟುಬಿಡೋದು ಮ್ಯಾರೇಜ್ ಅಲೋಯನ್ಸ್. ಹೆಂಡತಿ ಅಥವಾ ಗಂಡ ಡಿಪೆಂಡೆಂಟ್ ವೀಸಾದಲ್ಲಿ ಮನೆಯಲ್ಲಿದ್ದಾರೆ, ಇಲ್ಲವೇ 12,570ಕ್ಕಿಂತ ಕಮ್ಮಿ ದುಡಿಯುತ್ತಾರೆ, ದುಡಿಯುವವರು 20 ಪರ್ಸೆಂಟ್ ಸ್ಲ್ಯಾಬ್‌ನಲ್ಲಿದ್ದಾರೆ ಅಂದರೆ, ಅವರ ಅಲೋಯನ್ಸ್‌ನಿಂದ 1,260 ನಿಮ್ಮ ಕಡೆ ಬರಮಾಡಿಕೊಳ್ಳಬಹುದು. ನಿಮ್ಮ ಕೋಡ್ 1383ಎಂ ಆಗುತ್ತೆ, ಅವರದ್ದು 1131ಎನ್. ವರ್ಷಕ್ಕೆ 252 ಪೌಂಡ್ ಉಳಿತಾಯ. ಅರ್ಜಿ ಹಾಕಬೇಕಾದ್ದು ಕೊಡುವವರು, ಅಂದರೆ ಕಮ್ಮಿ ಆದಾಯದವರು. ಹಿಂದಿನ ನಾಲ್ಕು ವರ್ಷದ್ದೂ ಕೇಳಬಹುದು.

ಹೊಸಪೇಟೆ_ಹರಿ

ಸರ್ ನಮ್ದು ಸ್ಕಿಲ್ಡ್ ವರ್ಕರ್ ವೀಸಾ, ಪಬ್ಲಿಕ್ ಫಂಡ್ಸ್ ಮುಟ್ಟಂಗಿಲ್ಲ ಅಂತ ಇದೆ, ಈ ಮ್ಯಾರೇಜ್ ಅಲೋಯನ್ಸ್ ತಗೊಂಡು ಮುಂದೆ ಐಎಲ್‌ಆರ್‌ಗೆ (ಖಾಯಂ ವಾಸದ ಅನುಮತಿಗೆ) ಕೊಕ್ಕೆ ಹಾಕಿದ್ರೆ?

ರೆಡಿಂಗ್_ರಾಯ

ಇಲ್ಲ, ಇದು ಟ್ಯಾಕ್ಸ್ ರಿಯಾಯಿತಿ, ಸರ್ಕಾರದ ಸಹಾಯಧನ ಅಲ್ಲ, ಪಬ್ಲಿಕ್ ಫಂಡ್ಸ್ ಪಟ್ಟಿಯಲ್ಲಿ ಬರುವುದಿಲ್ಲ. ಚೈಲ್ಡ್ ಬೆನಿಫಿಟ್ ಆ ಪಟ್ಟಿಯಲ್ಲಿದೆ, ಅದನ್ನ ಮುಟ್ಟಬೇಡಿ. ಎರಡೂ ಮಿಕ್ಸ್ ಮಾಡ್ಕೊಂಡು ಹೆದರಿ ಇದನ್ನೂ ಬಿಟ್ಟವರು ಇದ್ದಾರೆ.

ಕೋವೆಂಟ್ರಿ_ಕಾಫಿ

ಕೋಡ್‌ಗಿಂತ ಮುಂದೆ ಕೆ ಅಂತ ಇದ್ರೆ ಏನ್ ಗುರು? ನಮ್ ಮ್ಯಾನೇಜರ್‌ದು ಕೆ475 ಅಂತೆ, ಬೈಕೊಂಡ್ ಓಡಾಡ್ತಿದಾರೆ.

ಪೇರೋಲ್_ಪದ್ಮಾ

ಕಂಪನಿ ಕಾರ್ ಇರ್ಬೇಕು ಅವ್ರಿಗೆ. ಕಾರು, ಹಳೇ ಬಾಕಿ ಇವೆಲ್ಲ ಸೇರಿ 12,570ನೂ ಮೀರಿ ಹೋದಾಗ ಕೋಡ್ ತಿರುಗಾ ಮುರುಗಾ ಆಗತ್ತೆ, ಫ್ರೀ ಕಳೆಯೋ ಬದ್ಲು ಸಂಬಳಕ್ಕೆ ವರ್ಷಕ್ಕೆ 4,750 ಚಿಲ್ಲರೆ ಕೂಡ್ಸಿ ಟ್ಯಾಕ್ಸ್ ಹಾಕ್ತಾರೆ. ಆದ್ರೂ ಸಂಬಳದ ಅರ್ಧಕ್ಕಿಂತ ಜಾಸ್ತಿ ಹಿಡಿಯೋ ಹಂಗಿಲ್ಲ. ಕಾರ್ ವಾಪಸ್ ಕೊಟ್ಟಿದ್ರೆ ಹೇಳ್ಬೇಕಷ್ಟೇ.

ಬ್ರಿಸ್ಟಲ್_ಬಸವ

ನಂಗೇನೋ ನೀವೆಲ್ಲ ಸುಮ್ನೆ ಗಾಬರಿ ಹುಟ್ಟಿಸ್ತಿದೀರ ಅನ್ಸತ್ತೆ. ಜಾಸ್ತಿ ಹಿಡ್ದಿದ್ರೆ ವರ್ಷ ಮುಗಿದ್ಮೇಲೆ ಅವ್ರೇ ಲೆಕ್ಕ ಹಾಕಿ ಕೊಡ್ತಾರೆ, ಊರಲ್ಲಿ ಟಿಡಿಎಸ್ ಜಾಸ್ತಿ ಕಟ್ಟಾದ್ರೆ ಐಟಿಆರ್ ಹಾಕಿದ್ಮೇಲೆ ರೀಫಂಡ್ ಬರಲ್ವಾ ಹಂಗೆ. ಕಾಯೋಕೇನು ಕಷ್ಟ.

ಪೇರೋಲ್_ಪದ್ಮಾ

ಬಸವ ಅವ್ರೇ, ಊರಿನ ಅಭ್ಯಾಸನೇ ಇಲ್ಲಿ ಕೈಕೊಡೋದು. ಊರಲ್ಲಿ ಕಂಪನಿ ಟಿಡಿಎಸ್ ಹಿಡಿಯತ್ತೆ, ಜನವರಿಲಿ ಇನ್ವೆಸ್ಟ್‌ಮೆಂಟ್ ಪ್ರೂಫ್ ಕೇಳತ್ತೆ, ಆಮೇಲೆ ಫಾರ್ಮ್ 16 ತಗೊಂಡು ನೀವೇ ಕೂತು ರಿಟರ್ನ್ ಹಾಕ್ತೀರಿ, ಏನಾದ್ರೂ ಎಡವಟ್ಟಾಗಿದ್ರೆ ಆವಾಗ ಸಿಕ್ಕಿ ಬೀಳತ್ತೆ. ಇಲ್ಲಿ ಬರೀ ಸಂಬಳ ಇರೋ ಹೆಚ್ಚಿನ ಜನ ರಿಟರ್ನೇ ಹಾಕಲ್ಲ. ಮೇ 31ರೊಳಗೆ ಪಿ60 (ವರ್ಷದ ಸಂಬಳ, ಟ್ಯಾಕ್ಸ್ ಲೆಕ್ಕದ ಕಾಗದ) ಕೈಗೆ ಬರತ್ತೆ, ಅದನ್ನ ಡ್ರಾಯರ್‌ಗೆ ಹಾಕ್ತೀರಿ, ಮುಗೀತು. ನಿಮ್ಮ ವರ್ಷದ ಲೆಕ್ಕ ನಿಂತಿರೋದೇ ಈ ಕೋಡ್ ಮೇಲೆ.

ಹೌದು, ವರ್ಷ ಮುಗಿದ್ಮೇಲೆ ಪಿ800 ಅಂತ ಲೆಕ್ಕ ಕಳಿಸ್ತಾರೆ, ಸಂಬಳ ಟ್ಯಾಕ್ಸ್ ಎರಡೂ ಅವ್ರ ಹತ್ರ ಇರೋದ್ರಿಂದ ಈ ಹುಡುಗನ ತರದ ಕೇಸು ಅಲ್ಲಿ ಸಿಗ್ಬೋದು. ಆದ್ರೆ ರಾಯರ ಇನ್ಶೂರೆನ್ಸ್ ನಿಂತಿದ್ದು, ಸಿಸ್ಟರ್ ಯೂನಿಫಾರ್ಮ್ ಒಗೆಯೋ ಖರ್ಚು, ಮ್ಯಾರೇಜ್ ಅಲೋಯನ್ಸ್, ಇವೆಲ್ಲ ನೀವು ಹೇಳ್ದೆ ಅವ್ರಿಗೆ ಹೆಂಗೆ ಗೊತ್ತಾಗ್ಬೇಕು? ವಾಪಸ್ ಕೇಳೋಕೆ ಟ್ಯಾಕ್ಸ್ ವರ್ಷ ಮುಗಿದ್ಮೇಲೆ ನಾಲ್ಕು ವರ್ಷ ಟೈಮು. 2021-22ರದ್ದು ಏನಾದ್ರೂ ಇದ್ರೆ 2026ರ ಏಪ್ರಿಲ್ 5ಕ್ಕೆ ಬಾಗಿಲು ಹಾಕತ್ತೆ. ಬಾಡಿಗೆ ಕಟ್ಟೋಕೆ ಸ್ನೇಹಿತರ ಹತ್ರ ಕೈಸಾಲ ಮಾಡೋ ಹುಡುಗನಿಗೆ ಒಂಬೈನೂರು ಪೌಂಡ್ ಫೆಬ್ರವರಿಲಿ ಬರೋದಕ್ಕೂ ಮುಂದಿನ ದಸರಾಕ್ಕೆ ಬರೋದಕ್ಕೂ ವ್ಯತ್ಯಾಸ ಇದೆ ಅಲ್ವಾ.

ಕುಡ್ಲ_ನರ್ಸ್

ಯೂನಿಫಾರ್ಮ್ ಎಂತ ಅದು ಮೇಡಂ?

ಪೇರೋಲ್_ಪದ್ಮಾ

ಮನೇಲಿ ನೀವೇ ಯೂನಿಫಾರ್ಮ್ ಒಗೀತೀರಲ್ವಾ, ನರ್ಸ್‌ಗಳಿಗೆ ವರ್ಷಕ್ಕೆ 125 ಪೌಂಡ್ ಅಂತ ಫಿಕ್ಸ್ ಮಾಡಿದಾರೆ, ಅಷ್ಟಕ್ಕೆ ಟ್ಯಾಕ್ಸ್ ಇಲ್ಲ. ಕೋಡ್ 1269ಎಲ್ ಆಗತ್ತೆ, ಉಳಿಯೋದು ವರ್ಷಕ್ಕೆ 25 ಪೌಂಡ್. ಎನ್‌ಎಂಸಿ (ನರ್ಸ್‌ಗಳ ನೋಂದಣಿ ಸಂಸ್ಥೆ) ರಿಜಿಸ್ಟ್ರೇಷನ್‌ಗೆ ಕೈಯಿಂದ ಕಟ್ಟೋ ಫೀಗೂ ಕೇಳ್ಬೋದು. ದೊಡ್ಡ ದುಡ್ಡಲ್ಲ ಬಿಡಿ, ಆದ್ರೆ ನಾಲ್ಕು ವರ್ಷದ್ದು ಸೇರಿದ್ರೆ ಒಂದು ದಿನದ ಶಾಪಿಂಗ್ ಆಗತ್ತೆ. ಇದಕ್ಕೆ ಏಜೆಂಟ್ ಹತ್ರ ಮಾತ್ರ ಹೋಗ್ಬೇಡಿ! ಫೇಸ್‌ಬುಕ್ ತುಂಬ ಜಾಹೀರಾತು, ನಿಮ್ಮ ಟ್ಯಾಕ್ಸ್ ನಾವು ವಾಪಸ್ ಕೊಡಿಸ್ತೀವಿ ಅಂತ. ಒಂದು ಸೈನ್ ಹಾಕಿಸ್ಕೊಂಡು ರೀಫಂಡ್ ಪೂರ್ತಿ ತಮ್ಮ ಹೆಸರಿಗೆ ಮಾಡ್ಕೊಂಡು ಕಮಿಷನ್ ಮುರ್ಕೊಂಡು ಕೊಡ್ತಿದ್ರು, 2023ರ ಮಾರ್ಚ್ 15ರಿಂದ ಹಂಗೆ ಬರ್ಕೊಡೋದನ್ನ ಕಾನೂನೇ ಒಪ್ಪಲ್ಲ, ಆದ್ರೂ ಕಮಿಷನ್ ಅಂತೂ ತಗೋತಾರೆ. ಆಪ್‌ನಲ್ಲಿ ನೀವು ಮಾಡೋದೂ ಅವ್ರು ಮಾಡೋದೂ ಒಂದೇ ಕೆಲ್ಸ. ನಿಮಗೆ ಟ್ಯಾಕ್ಸ್ ರೀಫಂಡ್ ಬಂದಿದೆ ಇಲ್ಲಿ ಕ್ಲಿಕ್ ಮಾಡಿ ಅಂತ ಎಸ್‌ಎಂಎಸ್ ಬಂದ್ರೆ ಅದು ಕಳ್ಳರದ್ದೇ, ಓಪನ್ ಮಾಡ್ಬೇಡಿ.

ವಾಪಸ್_ಜಯನಗರ

ನಾನು ಈಗ ಬೆಂಗ್ಳೂರಲ್ಲಿದೀನಿ, ಈ ಥ್ರೆಡ್ ಮೊದ್ಲೇ ಸಿಕ್ಕಿದ್ರೆ ಚೆನ್ನಾಗಿರ್ತಿತ್ತು. ನಮ್ ಪ್ರಾಜೆಕ್ಟ್ ಅರ್ಧ ವರ್ಷಕ್ಕೇ ಮುಗ್ದು ಆಗಸ್ಟ್‌ನಲ್ಲಿ ಟೀಮ್ ಪೂರ್ತಿ ವಾಪಸ್ ಬಂದ್ವಿ. ಅಲ್ಲಿ ತಿಂಗಳಿಗೆ ಹನ್ನೆರಡನೇ ಒಂದು ಪಾಲಿನಂಗೆ ಅಲೋಯನ್ಸ್ ಕೊಟ್ಕೊಂಡ್ ಬಂದಿರ್ತಾರಲ್ಲ, ನಡುವೆ ಬಿಟ್ಟು ಬಂದ್ರೆ ಮಿಕ್ಕಿದ ತಿಂಗಳಿನ ಪಾಲು ಬಾಕಿನೇ. ಇದಕ್ಕೆ ಪಿ85 ಅಂತ ಫಾರ್ಮ್ ಇದೆ, ದೇಶ ಬಿಟ್ಟಿದೀನಿ ಅಂತ ಹೇಳೋದು, ಪಿ45 ಜೊತೆ ಕಳಿಸ್ಬೇಕು. ನಮ್ ಟೀಮ್‌ನಲ್ಲಿ ಅರ್ಧಕ್ಕರ್ಧ ಜನ ಆ ಫಾರ್ಮ್ ಹೆಸರೇ ಕೇಳಿರ್ಲಿಲ್ಲ. ಹೊರಡೋ ಅರ್ಜೆಂಟ್‌ನಲ್ಲಿ ಯುಕೆ ಬ್ಯಾಂಕ್ ಅಕೌಂಟ್ ಕ್ಲೋಸ್ ಮಾಡ್ಬೇಡಿ, ರೀಫಂಡ್ ಬಂದು ಬೀಳೋಕೆ ಅದು ಬೇಕು.

ಪದ್ಮಾ ಮೇಡಂ ನಿಮ್ಗೆ ಒಂದು ಪ್ರಶ್ನೆ. ನನ್ ಕಸಿನ್ ಈಗ ಅಲ್ಲೇ ಲಂಡನ್‌ನಲ್ಲಿದಾನೆ, ಇಲ್ಲಿ ಬನಶಂಕರಿ ಮನೆ ಬಾಡಿಗೆ ಬರತ್ತೆ, ಎನ್‌ಆರ್‌ಒ ಎಫ್‌ಡಿ ಇದೆ. ಅದೂ ಕೋಡ್‌ಗೆ ಸೇರ್ಸ್ಬೇಕಾ?

ಪೇರೋಲ್_ಪದ್ಮಾ

ಅದು ಪೇರೋಲ್ ಲೆಕ್ಕ ದಾಟಿ ಹೋಯ್ತು. ಯುಕೆ ನಿವಾಸಿ ಆದ್ಮೇಲೆ ಊರಿನ ಬಾಡಿಗೆ, ಬಡ್ಡಿನೂ ಇಲ್ಲಿಯ ಲೆಕ್ಕಕ್ಕೆ ಬರತ್ತೆ, ಅದನ್ನ ಸೆಲ್ಫ್ ಅಸೆಸ್‌ಮೆಂಟ್ ರಿಟರ್ನ್‌ನಲ್ಲಿ ತೋರಿಸ್ಬೇಕು, ಅಕ್ಟೋಬರ್ 5ರೊಳಗೆ ರಿಜಿಸ್ಟರ್, ಆನ್‌ಲೈನ್‌ನಲ್ಲಿ ಹಾಕೋಕೆ ಜನವರಿ 31 ಕೊನೆ. 2025ರ ಏಪ್ರಿಲ್‌ನಿಂದ ಹೊಸದಾಗಿ ಬಂದೋರಿಗೆ ಮೊದಲ ನಾಲ್ಕು ವರ್ಷ ವಿದೇಶಿ ಆದಾಯಕ್ಕೆ ಒಂದು ವಿನಾಯಿತಿ ಇದೆ, ಆದ್ರೆ ಅದನ್ನ ಕ್ಲೇಮ್ ಮಾಡಿದ ವರ್ಷ ಈ 12,570 ಅಲೋಯನ್ಸೇ ಹೋಗತ್ತೆ. ಊರಿಂದ ಬರೋದು ಚಿಲ್ಲರೆ ಆದ್ರೆ ನಷ್ಟನೇ ಜಾಸ್ತಿ. ಎರಡು ದೇಶದ ಲೆಕ್ಕ ಗೊತ್ತಿರೋ ಅಕೌಂಟೆಂಟ್ ಹತ್ರ ಒಂದು ಗಂಟೆ ಕೂರ್ಲಿ, ಇಲ್ಲಿ ಕೇಳಿ ತೀರ್ಮಾನ ಮಾಡೋ ವಿಷಯ ಅಲ್ಲ.

ತೀರ್ಥಹಳ್ಳಿ_ಹುಡುಗ (27 ಫೆಬ್ರವರಿ)

ಅಪ್‌ಡೇಟ್! ಆಪ್‌ನಲ್ಲಿ ನೋಡಿದ್ರೆ ಮೇಡಂ ಹೇಳಿದಂಗೇ, ಸೂಪರ್‌ಮಾರ್ಕೆಟ್ 1257ಎಲ್ ಅಂತ ಮೇಲೆ, ಈಗಿನ ಕಂಪನಿ ಬಿಆರ್ ಅಂತ ಕೆಳಗೆ. ಕೆಲ್ಸ ಮುಗ್ದಿದೆ ಅಂತ ಅಲ್ಲೇ ಹಾಕ್ದೆ, ಸ್ವಲ್ಪ ದಿನದಲ್ಲಿ ಆಪ್‌ನಲ್ಲಿ ಕೋಡ್ ಬದಲಾಯ್ತು, ಕಂಪನಿಗೂ ಹೋಗಿದೆ ಅಂತ ನಮ್ ಪೇರೋಲ್ ಅವ್ರು ಕನ್ಫರ್ಮ್ ಮಾಡಿದ್ರು. ಇವತ್ತು ಸ್ಲಿಪ್ ಬಂತು. ಟ್ಯಾಕ್ಸ್ ಕೋಡ್ 1257ಎಲ್, ಪಕ್ಕದಲ್ಲಿ ಬಾಲ ಇಲ್ಲ, ಪಿಎವೈಇ ಟ್ಯಾಕ್ಸ್ ಅನ್ನೋ ಕಡೆ ಮೈನಸ್ 966.20! ಕಡಿತದ ಕಾಲಂನಲ್ಲಿ ಮೈನಸ್ ನೋಡಿ ಮೊದ್ಲು ಅರ್ಥನೇ ಆಗ್ಲಿಲ್ಲ, ಆಮೇಲೆ ಬ್ಯಾಂಕ್ ನೋಡ್ದೆ 😀 ಮಾರ್ಚ್‌ನಲ್ಲಿ ಟ್ಯಾಕ್ಸ್ ಎಷ್ಟು ಬರ್ಬೋದು ಮೇಡಂ?

ಪೇರೋಲ್_ಪದ್ಮಾ

290ರ ಹತ್ರ. ಮುಂದಿನ ವರ್ಷ ಪೂರ್ತಿ ಅದೇ ಸಂಬಳ ಇದ್ರೆ ತಿಂಗಳು ತಿಂಗಳು ಅಷ್ಟೇ, ಆವಾಗ ಮತ್ತೆ ಜಾಸ್ತಿ ಹೋಯ್ತು ಅಂತ ಬರ್ಬೇಡ, ಅದು ಸರಿಯಾದ ಲೆಕ್ಕ. ಏಪ್ರಿಲ್ ಸಂಬಳದಲ್ಲಿ ಕೋಡ್ ಒಂದ್ಸಲ ನೋಡ್ಕೋ, ಹೊಸ ವರ್ಷಕ್ಕೆ ಬೇರೆ ಕೋಡ್ ಕಳ್ಸಿದ್ರೆ ಆವಾಗ ಗೊತ್ತಾಗತ್ತೆ.

ಕುಡ್ಲ_ನರ್ಸ್

ನಮ್ಮ ವಾರ್ಡಿನವರದ್ದು ಒಬ್ಳದ್ದು ಎಂ1 ಹೋಯ್ತು, ದುಡ್ಡು ಬಂತು. ಇನ್ನೊಬ್ಳಿಗೆ ಎನ್‌ಐ ನಂಬರ್ ಬಂದದ್ದು ಮೊನ್ನೆ, ಮಾರ್ಚ್ ಪೇರೋಲ್‌ಗೆ ಆಗ್ತದಾ ನೋಡ್ಬೇಕು. ಆಗದಿದ್ರೆ?

ಪೇರೋಲ್_ಪದ್ಮಾ

ಆಗದಿದ್ರೆ ಪಿ800 ಬರೋವರೆಗೂ ಕಾಯೋದು, ಇಲ್ಲಾಂದ್ರೆ ಏಪ್ರಿಲ್ 6 ಆದ್ಮೇಲೆ ಆನ್‌ಲೈನ್‌ನಲ್ಲೇ ಕೇಳೋದು. ಅವಳ ಪೇಸ್ಲಿಪ್ ಮೂರೂ, ಮೇನಲ್ಲಿ ಬರೋ ಪಿ60ನೂ ಎತ್ತಿಟ್ಕೊಳಕ್ಕೆ ಹೇಳಿ.

ಕೋವೆಂಟ್ರಿ_ಕಾಫಿ

ಆ ಸೂಪರ್‌ಮಾರ್ಕೆಟ್ ಪಿ45 ಕೊಟ್ರಾ ಕೊನೆಗೆ?

ತೀರ್ಥಹಳ್ಳಿ_ಹುಡುಗ

ಇಲ್ಲ ಅಣ್ಣ, ಭಾನುವಾರ ಬೆಳಿಗ್ಗೆ ಶಿಫ್ಟ್ ಖಾಲಿ ಇದೆ ಬರ್ತೀಯಾ ಅಂತ ಮೆಸೇಜ್ ಬಂದಿದೆ.